ಗೀಸರ್ ಕೆಡಿಸೋ ನೀರಿಗೂ ಒಬ್ಬ ಗಿರಾಕಿ

ನಲ್ಲಿಗೆ ಬಿಳಿ ಕಟ್ಟಿಸೋ, ಗೀಸರ್ ಕೆಡಿಸೋ ಬೋರ್‌ವೆಲ್ ನೀರು
ಯಾರಿಗಾದ್ರೂ ಇಷ್ಟ ಆಗುತ್ತಾ?
ಆಗುತ್ತೆ, ಈ ಮೀನಿಗೆ. ಹೆಸರು ಮಲ್ಟಿಫ್ಯಾಸಿಯಾಟಸ್.
ಎರಡು ಇಂಚೂ ಬೆಳೆಯಲ್ಲ.
ಊರು ಆಫ್ರಿಕಾದ ಟಾಂಗನೀಕಾ ಸರೋವರ.
ಅಲ್ಲಿನ ನೀರೇ ಗಡಸು, ಪಿಎಚ್ ಸುಮಾರು 9.
ವಾಸ, ಸತ್ತ ಬಸವನಹುಳುವಿನ ಖಾಲಿ ಚಿಪ್ಪಲ್ಲಿ.
ಮೊಟ್ಟೆ ಇಡೋದೂ ಅದರೊಳಗೇ.
ಮರಿ ಬೆಳೆದರೂ ಬೇಗ ಓಡಿಸಲ್ಲ.
ಪಕ್ಕದ ಚಿಪ್ಪಲ್ಲೇ ಸಂಸಾರ,
ಥೇಟ್ ಚಾಮರಾಜಪೇಟೆ ವಠಾರ!

ಅದಕ್ಕೇ ಹೇಳ್ತೀನಿ, ಇವನ್ನು ಸಾಕೋ ತೊಟ್ಟಿಗೆ ಆರ್‌ಒ ನೀರು ಹಾಕೋದು ದಂಡ.
ಬೇಕಾದ ಲವಣವನ್ನೇ ಅದು ತೆಗೆದುಬಿಡುತ್ತೆ.
"ಬಸವನಗುಡಿಗೆ ಬರೋದು ಕಾವೇರಿ ನೀರಲ್ವಾ?"
ನಿಜ. ಅದು ಮೆದು, ಜೊತೆಗೆ ಕ್ಲೋರಿನ್.
ಕ್ಲೋರಿನ್ ತೆಗೆದು, ಫಿಲ್ಟರಲ್ಲಿ ಸುಣ್ಣದಕಲ್ಲಿನ ಚೂರು ಇಡಿ.
ನಿಧಾನಕ್ಕೆ ಗಡಸಾಗುತ್ತೆ.
ಹವಳದ ಚೂರು ಮಾತ್ರ ಬೇಡ,
ವನ್ಯಜೀವಿ ಕಾಯ್ದೆ ಇದೆ.
"ಬೋರ್‌ವೆಲ್ಲಲ್ಲಿ ನೈಟ್ರೇಟ್ ಇದ್ರೆ?"
ಇರಬಹುದು. ಮೊದಲು ಟೆಸ್ಟ್ ಮಾಡಿಸಿ.
ಹೆಚ್ಚಿದ್ದರೆ ಕ್ಲೋರಿನ್ ತೆಗೆದ ಕಾವೇರಿ ನೀರು ಬೆರೆಸಿ.

ತಳಕ್ಕೆ ಎರಡು ಇಂಚು ಮರಳು ಹಾಕಿ,
ಇವು ಸದಾ ಅಗೀತಾನೇ ಇರ್ತವೆ.
ಚಿಪ್ಪು ಮೀನಿಗಿಂತ ಹೆಚ್ಚಿರಲಿ, ಇಲ್ಲದಿದ್ರೆ ಜಗಳ.
ಕೆರೆ ಬಸವನಹುಳುವಿನ ಖಾಲಿ ಚಿಪ್ಪು ಸಾಕು,
ಕುದಿಸಿ ಹಾಕಿ.
ಬಣ್ಣ ಬಳಿದದ್ದು ಬೇಡ.
ಚಿಪ್ಪಿನ ಬಾಯಲ್ಲಿ ಮರಿ ಇಣುಕಿದ್ರೆ,
ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಸೀಗಡಿಮರಿ ಕೊಡಿ.