ಬಾವಿಯ ನೀರಿಗೂ ಲೆಕ್ಕ ಬೇಕು



ಕಣದಲ್ಲಿ ರಾಗಿ ರಾಶಿ ಬಿದ್ದರೆ ಎಷ್ಟು ಮೂಟೆ ಆಯಿತೆಂದು ಎಣಿಸುತ್ತೇವೆ. ಹಾಲು ಕರೆದರೆ ಅಳೆಯುತ್ತೇವೆ. ಆದರೆ ಇವೆರಡಕ್ಕೂ ಮೂಲವಾದ ನೀರನ್ನು ಅಳೆಯುವವರು ಮಾತ್ರ ಕಡಿಮೆ. ಬಿತ್ತನೆಗೆ ಮುಂಚೆ ಈ ಲೆಕ್ಕ ಹಾಕುವುದು ಹೇಗೆಂಬುದನ್ನು ಈ ದಿನ ತಿಳಿಯೋಣ.

ಮೊದಲು ಹೊಳೆಯ ವಿಚಾರ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟೆ ಕಟ್ಟಿ ಮುಗಿಸಿದ್ದು 1907ರಲ್ಲಿ. ಅದೇ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದ ಮೇಲೆ, 2022ರಲ್ಲಿ! ತುಂಬಿದ ವರ್ಷವನ್ನೇ ನಂಬಿ ಬೆಳೆ ಇಟ್ಟರೆ, ಬತ್ತಿದ ವರ್ಷ ಸಾಲ ತಲೆಯ ಮೇಲೆ ಬರುತ್ತದೆ. ಹೊಳೆಯ ನೀರನ್ನು ವರ್ಷ ವರ್ಷವೂ ಅಳೆದು ಬರೆದಿಡುವುದು ಇದಕ್ಕಾಗಿಯೇ.

ಇನ್ನು ಬಾವಿ. ನಮ್ಮ ಬಯಲುಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಮೇಲಿನ ಶಿಥಿಲವಾದ ಕಲ್ಲಿನ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. "ಇನ್ನೂ ಆಳಕ್ಕೆ ಕೊರೆಸಿದರೆ ಗಂಗೆ ಸಿಕ್ಕೇ ಸಿಗ್ತಾಳೆ" ಅನ್ನುವ ಮಾತಿಗೆ ಮರುಳಾಗಬೇಡಿ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕುಗಳೂ ಕಡಿಮೆಯಾಗುತ್ತವೆ. ಮಳೆಗಾಲದಲ್ಲಿ ಹೊಳೆ, ಕೆರೆಗಳ ನೀರು ನೆಲಕ್ಕಿಳಿದು ಬಾವಿಗೆ ಬರುತ್ತದೆ. ಮಳೆ ನಿಂತ ಮೇಲೆ ನೆಲದ ನೀರೇ ಜಿನುಗಿ ಹಳ್ಳವನ್ನು ಹರಿಸುತ್ತದೆ. ಒಂದು ಕಡೆ ಹೆಚ್ಚು ಎತ್ತಿದರೆ ಇನ್ನೊಂದು ಕಡೆ ಬತ್ತೀತು.

ಅಳೆಯುವ ಕ್ರಮ ಸುಲಭ. ಹಗ್ಗಕ್ಕೆ ಅಡಿಗೊಂದು ಬಣ್ಣದ ಗುರುತು ಹಾಕಿ, ತುದಿಗೆ ಕಲ್ಲು ಕಟ್ಟಿ. ಮೇ ತಿಂಗಳಲ್ಲಿ ಮುಂಗಾರಿಗೆ ಮೊದಲು ಒಮ್ಮೆ, ನವೆಂಬರಿನಲ್ಲಿ ಒಮ್ಮೆ, ಬಾವಿಯ ಕಟ್ಟೆಯಿಂದ ನೀರು ಎಷ್ಟು ಅಡಿ ಕೆಳಗಿದೆಯೆಂದು ಅಳೆದು ಬರೆದಿಡಿ. ಮಳೆ ಚೆನ್ನಾಗಿ ಆದರೂ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಬಂದದ್ದಕ್ಕಿಂತ ಹೆಚ್ಚು ಎತ್ತುತ್ತಿದ್ದೇವೆಂದು ತಿಳಿಯಿರಿ.

ಬೇಸಗೆಯಲ್ಲಿ ಒಂದು ಸಂಜೆ ಪಂಪ್ ನಿಲ್ಲಿಸಿದಾಗ ನೀರಿನ ಮಟ್ಟ ಗುರುತಿಸಿ, ಬೆಳಗ್ಗೆ ಎಷ್ಟು ಊರಿದೆ ನೋಡಿ. 20 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 8,900 ಲೀಟರ್. 5 ಅಡಿ ಊರಿದರೆ 44,500 ಲೀಟರ್. ಹಗಲು ಊರುವ ನೀರು ಕಾಲುವೆಯಲ್ಲಿ ಇಂಗುವುದಕ್ಕೆ ಸರಿಹೋಯಿತು ಎನ್ನೋಣ. ಎಕರೆಗೆ 2 ಅಂಗುಲ ನೀರು ಕಟ್ಟಲು ಬೇಕಾದದ್ದು ಸುಮಾರು 2 ಲಕ್ಷ ಲೀಟರ್, ಅಂದರೆ ಐದು ದಿನದ ನೀರು. ಹತ್ತು ದಿನಕ್ಕೊಮ್ಮೆ ನೀರು ಬೇಡುವ ಬೆಳೆಯಾದರೆ ಈ ಬಾವಿ ಸಾಕುವುದು ಎರಡೇ ಎಕರೆಯನ್ನು.

ಕೊಳವೆಬಾವಿ ಇದ್ದವರು 200 ಲೀಟರ್ ಡ್ರಮ್ ಇಟ್ಟು ತುಂಬುವ ಹೊತ್ತು ನೋಡಿ. 100 ಸೆಕೆಂಡಾದರೆ ಗಂಟೆಗೆ 7,200 ಲೀಟರ್. ಪಂಪ್ ಹಾಕಿದೊಡನೆ ಒಮ್ಮೆ, ಮೂರು ಗಂಟೆ ಓಡಿದ ಮೇಲೆ ಒಮ್ಮೆ ಅಳೆಯಿರಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯ ಅಳತೆ.

ಎರಡು ಎಕರೆ ನೀರಿಗೆ ನಾಲ್ಕು ಎಕರೆ ಅಡಿಕೆ ಸಸಿ ಇಟ್ಟು, ಬೇಸಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಪಾಡು ಬೇಡ. ಉಳಿದ ಹೊಲಕ್ಕೆ ರಾಗಿ, ತೊಗರಿ, ಕಡಲೇಕಾಯಿ ಹಾಕಿ. ಹನಿ ನೀರಾವರಿ ಮಾಡಿದರೆ ಅದೇ ನೀರು ಇನ್ನಷ್ಟು ದೂರ ಬರುತ್ತದೆ. ಲೆಕ್ಕ ಹಾಕುವಾಗ ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಳ್ಳಿ. ಬಾವಿ ಬತ್ತಿದರೆ ಬಿಂದಿಗೆ ಹಿಡಿದು ದೂರ ನಡೆಯುವವರು ಅವರೇ ಅಲ್ಲವೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನೀರು ಇದ್ದಷ್ಟು ಬೆಳೆ ಇಡಿ.