ಬೆಳಗಿನ ಬುತ್ತಿ, ಮಧ್ಯಾಹ್ನದ ಊಟ

ಬೆಳಗ್ಗೆ ಏಳೂವರೆಯ ಸುಮಾರಿಗೆ ತಿಪಟೂರಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ, ತುರುವೇಕೆರೆಯ ಕಡೆಯಿಂದಲೂ ಚಿಕ್ಕನಾಯಕನಹಳ್ಳಿಯ ಕಡೆಯಿಂದಲೂ ಬರುವ ಬಸ್ಸುಗಳಿಂದ ವಿದ್ಯಾರ್ಥಿಗಳು ಇಳಿಯುವುದು ಕಾಣುತ್ತದೆ. ಒಬ್ಬೊಬ್ಬರ ಹೆಗಲಿಗೂ ಪುಸ್ತಕದ ಚೀಲ. ಚೀಲದ ತಳದಲ್ಲಿ ಒಂದು ಸ್ಟೀಲು ಡಬ್ಬಿ. ಡಬ್ಬಿಯೊಳಗಿನ ಅನ್ನ ಬೆಂದದ್ದು ಆರೂವರೆಗೆ. ಅದನ್ನು ಉಣ್ಣುವುದು ಒಂದು ಗಂಟೆಗೆ. ನಡುವಣ ಆರೂವರೆ ಗಂಟೆಗಳ ಕಾಲ ಅದು ಚೀಲದ ಸೆಖೆಯಲ್ಲಿ ಮುಚ್ಚಿಕೊಂಡಿರುತ್ತದೆ. ಮಕ್ಕಳ ಬುತ್ತಿಗೆ ಏನು ಕಟ್ಟಬೇಕೆಂದು ಹೇಳುವವರು ಬಹು ಮಂದಿ. ಈ ಆರೂವರೆ ಗಂಟೆಗಳಲ್ಲಿ ಡಬ್ಬಿಯೊಳಗೆ ಏನು ನಡೆಯುತ್ತದೆಂದು ಕೇಳುವವರು ವಿರಳ. ನಾವು ಇಲ್ಲಿ ಆ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ.

ಪ್ರಶ್ನೆ ಸಣ್ಣದಲ್ಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು ಹಂತಹಂತವಾಗಿ ಬೆಳೆದು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಬಿಸಿಯೂಟವನ್ನು ಒದಗಿಸಿತು. ಪದವಿಪೂರ್ವ ತರಗತಿಗೆ ಕಾಲಿಟ್ಟ ಹೆಚ್ಚಿನವರು ಮತ್ತೆ ಮನೆಯ ಬುತ್ತಿಯನ್ನೇ ನಂಬಬೇಕಾಗುತ್ತದೆ. ಖಾಸಗಿ ಶಾಲೆಯ ಮಕ್ಕಳ ಸ್ಥಿತಿಯೂ ಅದೇ. ದೇಹವು ವೇಗವಾಗಿ ಬೆಳೆಯುವ ವಯಸ್ಸೂ ಇದೇ ಆಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಅಂಥ ಹುಡುಗಿಯೊಬ್ಬಳು ಮಧ್ಯಾಹ್ನದ ಡಬ್ಬಿಯನ್ನು ಅರ್ಧ ಉಂಡು, ಉಳಿದುದನ್ನು ಚೆಲ್ಲಿ, ಸಂಜೆ ಆರು ಗಂಟೆಗೆ ಮನೆ ಸೇರುವಳೆಂದರೆ ದಿನದ ಆಹಾರದ ಒಂದು ಪಾಲು ನಷ್ಟವಾದಂತೆ.

ಏಕೆ ಉಣ್ಣಲಿಲ್ಲವೆಂದು ತಾಯಿ ಕೇಳಿದರೆ ಬರುವ ಉತ್ತರಗಳು ಮೂರೇ: "ಹಳಸಿತ್ತು", "ಗಟ್ಟಿಯಾಗಿತ್ತು", "ನೀರೊಡೆದಿತ್ತು". ಇವನ್ನು ಹಿರಿಯರು ಮಕ್ಕಳ ಹಟವೆಂದು ತಳ್ಳಿಹಾಕುವುದುಂಟು. ನಮಗೆ ಇವು ಸರಿಯಾದ ಅವಲೋಕನಗಳೆಂದೇ ತೋರುತ್ತದೆ.

ಹಳಸುವುದರಿಂದ ಪ್ರಾರಂಭಿಸೋಣ. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಒಮ್ಮೆ ಮಾರ್ಚಿ ತಿಂಗಳ ಬಿಸಿಲಿನಲ್ಲಿ ದೋಸೆಯೊಡನೆ ಹಸಿ ತೆಂಗಿನಕಾಯಿಯ ಚಟ್ನಿಯನ್ನು ಕಟ್ಟಿಕೊಂಡು ಹೋಗಿದ್ದೆವು. ಮಧ್ಯಾಹ್ನ ಮುಚ್ಚಳ ತೆರೆದಾಗ ಚಟ್ನಿಯ ಮೇಲೆ ನೊರೆ ಎದ್ದಿತ್ತು. ಹುಳಿವಾಸನೆಗೆ ಪಕ್ಕದ ಗೆಳೆಯರು ಎದ್ದು ಬೇರೆ ಬೆಂಚಿಗೆ ಹೋದರು. ಬೆಳಗ್ಗೆ ಸೊಗಸಾಗಿದ್ದ ಚಟ್ನಿ ಹೀಗಾದುದೇಕೆ? ಹಸಿಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 36 ಪಾಲು ನೀರಿದೆ. ಜೊತೆಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಸಸಾರಜನಕ, ಎಂದರೆ ಪ್ರೋಟೀನು. ಅರೆಯುವಾಗ ನಾವು ಇನ್ನಷ್ಟು ನೀರು ಸೇರಿಸುತ್ತೇವೆ. ಅದು ಬೇಯುವುದಿಲ್ಲ, ಮೇಲೆ ಹಾಕುವ ಒಗ್ಗರಣೆಯ ಬಿಸಿ ಒಳಗಿಳಿಯುವುದಿಲ್ಲ. ಕೈ, ತುರಿಮಣೆ, ಒರಳು, ನೀರು ಇವುಗಳಿಂದ ಬಂದ ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಔತಣ ಬೇರೆ ಬೇಕೆ? ಸೆಖೆಯಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆಂದು ಇಟ್ಟುಕೊಂಡು ವಾಚಕರು ಲೆಕ್ಕ ಹಾಕಿ ನೋಡಬಹುದು: ಆರು ಗಂಟೆಗಳಲ್ಲಿ ಹನ್ನೆರಡು ಸಾರಿ ಇಮ್ಮಡಿ, ಎಂದರೆ 4,096 ಪಟ್ಟು. ಬೆಳಗ್ಗೆ ನೂರು ಇದ್ದವು ಮಧ್ಯಾಹ್ನಕ್ಕೆ ನಾಲ್ಕು ಲಕ್ಷವನ್ನು ಮೀರುತ್ತವೆ. ಅವು ಸಕ್ಕರೆಯನ್ನು ತಿಂದು ಆಮ್ಲವನ್ನೂ ಅನಿಲವನ್ನೂ ಬಿಡುತ್ತವೆ. ಹುಳಿಗೂ ನೊರೆಗೂ ಇದೇ ಕಾರಣ.

ಇದಕ್ಕೆ ಪರಿಹಾರವನ್ನು ತಿಪಟೂರಿನ ಸೀಮೆಯವರು ದೂರ ಹುಡುಕಬೇಕಾಗಿಲ್ಲ. ಅದು ಅವರ ತಲೆಯ ಮೇಲೆ, ಅಟ್ಟದಲ್ಲಿಯೇ ಇದೆ. ಪೂರ್ಣವಾಗಿ ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ರಾಶಿ ಹಾಕಿ ಎಂಟು ಹತ್ತು ತಿಂಗಳು ಬಿಡುತ್ತಾರೆ. ಒಳಗಿನ ಎಳನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ ಕುಗ್ಗಿ ಚಿಪ್ಪನ್ನು ಬಿಡುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಿಟುಕು ಒಳಗೆ ಗಡಗಡ ಉರುಳುವ ಸದ್ದು ಕೇಳಿಸುತ್ತದೆ. ಆಗ ಅದು ಉಂಡೆ ಕೊಬ್ಬರಿಯಾಯಿತೆಂದು ಅರ್ಥ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದುಕೊಟ್ಟದ್ದು ಈ ಉಂಡೆ ಕೊಬ್ಬರಿಯೇ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ ನಾಲ್ಕೈದು ಪಾಲಿಗಿಂತ ಹೆಚ್ಚು ನೀರು ಇರುವುದಿಲ್ಲ. ನೀರಿಲ್ಲದೆ ಏಕಾಣುಜೀವಿಗಳು ಆಹಾರವನ್ನು ಹೀರಲಾರವು, ಬೆಳೆಯಲಾರವು. ಅದೇ ತೆಂಗು, ಅದೇ ರುಚಿ; ಆದರೆ ಒಂದು ಆರು ಗಂಟೆಗೆ ಕೆಡುತ್ತದೆ, ಇನ್ನೊಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ಕೊಬ್ಬರಿಯ ಕೊಬ್ಬಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಪರ್ಯಾಪ್ತ ಜಾತಿಯದು. ಗಾಳಿಯ ಆಮ್ಲಜನಕವು ಇದನ್ನು ಸುಲಭವಾಗಿ ಮುಟ್ಟಲಾರದು. ಆದುದರಿಂದ ಕೊಬ್ಬರಿಯ ಪುಡಿಗೆ ಕಮಟು ಹತ್ತುವುದೂ ತಡ. ಆದರೆ ಸರಿಯಾಗಿ ಒಣಗದ, ಒಳಗೆ ಹಸುರೋ ಕಪ್ಪೋ ಬೂಷ್ಟು ಹಿಡಿದ ಕೊಬ್ಬರಿಯನ್ನು ಒರೆಸಿ ಉಪಯೋಗಿಸಬಾರದು. ಕೆಲವು ಬೂಷ್ಟುಗಳು ಯಕೃತ್ತಿಗೆ ಕೇಡು ಮಾಡುವ ವಿಷವನ್ನು ಸ್ರವಿಸುತ್ತವೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಹೀಗಿರುವಾಗ ಡಬ್ಬಿಗೆ ಹಸಿ ಚಟ್ನಿಗಿಂತ ಚಟ್ನಿಪುಡಿ ಮೇಲು. ನಮ್ಮ ತಾಯಂದಿರ ಚಟ್ನಿಪುಡಿಯಲ್ಲಿ ಇನ್ನೊಂದು ಜಾಣ್ಮೆಯೂ ಅಡಗಿದೆ. ಅದನ್ನು ಅರಿಯಬೇಕಾದರೆ ಸ್ವಲ್ಪ ಅಂಕಿಗಳನ್ನು ನೋಡಬೇಕು. ಕೂನೂರಿನ ಪೋಷಣ ಪ್ರಯೋಗಶಾಲೆಯು 1937ರಲ್ಲಿ ಭಾರತೀಯ ಆಹಾರಗಳ ಸತ್ವವನ್ನು ಅಳೆದು ಕೋಷ್ಟಕಗಳನ್ನು ಪ್ರಕಟಿಸಿತು. ಆ ಸಂಸ್ಥೆಯೇ ಮುಂದೆ ಹೈದರಾಬಾದಿಗೆ ಬಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಕೋಷ್ಟಕಗಳು ಕಾಲಕಾಲಕ್ಕೆ ತಿದ್ದುಪಡಿಯಾಗಿವೆ. ಅವುಗಳ ಪ್ರಕಾರ 25 ಗ್ರಾಂ ಕೊಬ್ಬರಿಯಿಂದ ಸುಮಾರು 165 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಸಸಾರಜನಕ ಮಾತ್ರ ಎರಡು ಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ 140 ಕ್ಯಾಲೊರಿ, ಸಸಾರಜನಕ ಆರು ಗ್ರಾಂಗೆ ಮೇಲೆ. ಕೊಬ್ಬರಿ ಉರುವಲು, ಮೈ ಕಟ್ಟುವ ಇಟ್ಟಿಗೆಯಲ್ಲ. ತೆಂಗಿನ ನಾಡಿನಲ್ಲಿ ಹೊಟ್ಟೆ ತುಂಬುವುದು ಸುಲಭ, ಮೈ ತುಂಬುವುದು ಅಷ್ಟು ಸುಲಭವಲ್ಲ. ಆದರೆ ಚಟ್ನಿಪುಡಿಯಲ್ಲಿ ಕೊಬ್ಬರಿಗೆ ಸಮನಾಗಿ ಹುರಿಗಡಲೆ ಬೀಳುತ್ತದೆ. ಹುರಿಗಡಲೆಯಲ್ಲಿ ನೂರಕ್ಕೆ 22 ಪಾಲು ಸಸಾರಜನಕವಿರುವುದರಿಂದ, ಎರಡೂ ಕೂಡಿದ ಪುಡಿಯಲ್ಲಿ ಅದು ನೂರಕ್ಕೆ ಹದಿನಾಲ್ಕರ ಆಸುಪಾಸು ಬರುತ್ತದೆ. ಮೂರು ದೊಡ್ಡ ಚಮಚ ಪುಡಿ ಡಬ್ಬಿಗೆ ಬಿದ್ದರೆ ಅದು ಬರಿಯ ನಂಚಿಕೆಯಲ್ಲ, ಊಟದ ಭಾಗವೇ.

ಅನ್ನದ ವಿಷಯಕ್ಕೆ ಬರೋಣ. ಕುದಿಯುವ ನೀರಿನಲ್ಲಿ ಬೆಂದ ಅನ್ನ ನಿರ್ದೋಷವಾಗಿರಬೇಕೆಂದು ತೋರುವುದು ಸಹಜ. ಆದರೆ ಮಣ್ಣಿನಿಂದ ಅಕ್ಕಿಯೊಡನೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಏಕಾಣುಜೀವಿಯು ಗಟ್ಟಿ ಕವಚದ ಬೀಜಾಣುವಿನ ರೂಪದಲ್ಲಿ ಕುದಿತವನ್ನೂ ಸಹಿಸಿಕೊಳ್ಳುತ್ತದೆ. ಅನ್ನ ಉಗುರುಬೆಚ್ಚಗೆ ಆದಾಗ ಅದು ಕವಚ ಬಿಟ್ಟು ಬೆಳೆಯುತ್ತದೆ. ಅದು ಬಿಡುವ, ವಾಂತಿ ತರುವ ವಿಷವೊಂದು ಮತ್ತೆ ಕಾಯಿಸಿದರೂ ನಾಶವಾಗದು. ಬಿಸಿ ಅನ್ನವನ್ನು ತುರುಕಿ ಮುಚ್ಚಳ ಬಿಗಿದರೆ ನಾವು ಎರಡು ತಪ್ಪು ಮಾಡಿದಂತಾಗುತ್ತದೆ: ಅನ್ನವು ಗಂಟೆಗಟ್ಟಲೆ ಈ ಉಗುರುಬೆಚ್ಚನೆಯ ಸ್ಥಿತಿಯಲ್ಲಿಯೇ ನಿಲ್ಲುತ್ತದೆ, ಮೇಲೇರಿದ ಹಬೆ ಮುಚ್ಚಳಕ್ಕೆ ತಗುಲಿ ನೀರಾಗಿ ಮತ್ತೆ ಊಟದ ಮೇಲೆಯೇ ತೊಟ್ಟಿಕ್ಕುತ್ತದೆ. "ನೀರೊಡೆದಿತ್ತು" ಎಂಬ ದೂರು ಇದೇ. ಅಗಲವಾದ ತಟ್ಟೆಯಲ್ಲಿ ಅನ್ನವನ್ನು ಹರಡಿ, ಹತ್ತು ಹದಿನೈದು ನಿಮಿಷ ಆರಿಸಿ, ಆಮೇಲೆ ಡಬ್ಬಿಗೆ ತುಂಬಿದರೆ ಎರಡೂ ತಪ್ಪುತ್ತವೆ. ಏಳು ಗಂಟೆಯ ಬಸ್ಸಿನ ಅವಸರದಲ್ಲಿ ಈ ಹದಿನೈದು ನಿಮಿಷ ಎಲ್ಲಿಂದ ತರುವುದೆಂದು ಮನೆಯವರು ಕೇಳಬಹುದು. ಅನ್ನವನ್ನು ಮೊದಲು ಮಾಡಿಟ್ಟು, ಒಗ್ಗರಣೆಯನ್ನೂ ಮಗಳ ಜಡೆಯನ್ನೂ ಆಮೇಲೆ ಮುಗಿಸುವ ತಾಯಂದಿರನ್ನು ನಾವು ನೋಡಿದ್ದೇವೆ.

ಪುಳಿಯೋಗರೆಯೂ ನಿಂಬೆಹಣ್ಣಿನ ಚಿತ್ರಾನ್ನವೂ ಪ್ರಯಾಣದ ಬುತ್ತಿಯಾಗಿ ಹೆಸರಾದದ್ದು ಆಕಸ್ಮಿಕವಲ್ಲ. ಹುಣಿಸೆ ನಿಂಬೆಗಳ ಆಮ್ಲದಲ್ಲಿ ಹೆಚ್ಚಿನ ಕೆಡುಕು ಜೀವಿಗಳು ತಲೆಯೆತ್ತಲಾರವು. ಮೊಸರನ್ನದ ಉಪಾಯ ಇನ್ನೂ ಸೊಗಸಾದುದು. ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನು ಹೊಯ್ದು, ಒಂದು ಚಮಚ ಮೊಸರನ್ನು ಕಲಸಿ ಕಳಿಸಿದರೆ, ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಚೀಲದಲ್ಲಿ ಮೊಸರು ಹೆಪ್ಪುಗಟ್ಟುತ್ತಿರುತ್ತದೆ. ಇಲ್ಲಿ ನಾವು ಸೂಕ್ಷ್ಮಜೀವಿಗಳನ್ನು ಓಡಿಸುವುದಿಲ್ಲ. ನಮಗೆ ಬೇಕಾದವನ್ನು ಮೊದಲೇ ಕೂರಿಸಿ, ಬೇಡವಾದವಕ್ಕೆ ಜಾಗ ಕೊಡುವುದಿಲ್ಲ. ಹಾಲು ಸುಡುವಂತಿದ್ದರೆ ಮಾತ್ರ ಹೆಪ್ಪಿನ ಜೀವಿಗಳೇ ಸಾಯುತ್ತವೆ.

ಇನ್ನು "ಗಟ್ಟಿಯಾಗಿತ್ತು" ಎಂಬ ದೂರು. ಪಿಷ್ಟವು ಬೇಯುವಾಗ ಅದರ ಕಣಗಳು ನೀರನ್ನು ಹೀರಿ ಉಬ್ಬುತ್ತವೆ. ಒಳಗೆ ಒತ್ತಾಗಿದ್ದ ಅಣುಸರಪಣಿಗಳು ಸಡಿಲವಾಗಿ ಹರಡುತ್ತವೆ. ಆರಿದಂತೆಲ್ಲ ಆ ಸರಪಣಿಗಳು ಮತ್ತೆ ಪಕ್ಕಪಕ್ಕಕ್ಕೆ ಸರಿದು ಜೋಡಿಸಿಕೊಂಡು, ನಡುವಣ ನೀರನ್ನು ಹೊರಕ್ಕೆ ನೂಕುತ್ತವೆ. ಅಕ್ಕಿರೊಟ್ಟಿ ಮಧ್ಯಾಹ್ನಕ್ಕೆ ಚರ್ಮದಂತಾಗುವುದು ಹೀಗೆ. ಬಿಸಿಬಿಸಿ ಮುದ್ದೆಯನ್ನು ಡಬ್ಬಿಗೆ ಹಾಕುವವರಿಲ್ಲದಿರುವುದೂ ಇದೇ ಕಾರಣದಿಂದ. ರಾಗಿಹಿಟ್ಟಿಗೆ ಹಸಿಕಾಯಿ ತುರಿ, ಈರುಳ್ಳಿ, ನುಗ್ಗೆಸೊಪ್ಪು ಬೆರೆಸಿ ತಟ್ಟಿದ ರೊಟ್ಟಿಯಾದರೋ ಮಧ್ಯಾಹ್ನಕ್ಕೂ ಮುರಿಯಲು ಬರುವಷ್ಟು ಮೃದುವಾಗಿರುತ್ತದೆ. ಕಾಯಿಯ ಜಿಡ್ಡು ಸರಪಣಿಗಳ ನಡುವೆ ನಿಂತು ಅವುಗಳ ಜೋಡಣೆಯನ್ನು ತಡೆಯುತ್ತದೆ. ಸೊಪ್ಪೂ ಈರುಳ್ಳಿಯೂ ತೇವವನ್ನು ಹಿಡಿದಿಡುತ್ತವೆ. ಇಲ್ಲಿ ಕಾಯಿ ಹಸಿಯದಾದರೂ ಕಾವಲಿಯ ಮೇಲೆ ಬೇಯುವುದರಿಂದ ಚಟ್ನಿಯಷ್ಟು ಬೇಗ ಕೆಡುವುದಿಲ್ಲ. ರೊಟ್ಟಿಯನ್ನು ಆರಿಸಿ ಒಗೆದ ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಉಳಿದ ಹಬೆಯನ್ನು ಬಟ್ಟೆ ಹೀರಿಕೊಳ್ಳುತ್ತದೆ.

ರಾಗಿಯನ್ನು ನಾವು ಇಷ್ಟು ಹಿಡಿದುಕೊಂಡು ಮಾತನಾಡುವುದಕ್ಕೆ ಕಾರಣವಿದೆ. ಬಿಳಿ ಅಕ್ಕಿಯ ನೂರು ಗ್ರಾಂನಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಹತ್ತು ಮಿಲಿಗ್ರಾಂ; ರಾಗಿಯಲ್ಲಿ ಸುಮಾರು 350. ಹದಿನಾರು ಹದಿನೇಳು ವರ್ಷದವರಿಗೆ ದಿನಕ್ಕೆ ಬೇಕಾದುದು ಸುಮಾರು ಸಾವಿರ ಮಿಲಿಗ್ರಾಂ. ನೂರು ಗ್ರಾಂ ಹಿಟ್ಟಿನ ರೊಟ್ಟಿಗಳಲ್ಲಿ ಅದರ ಮೂರನೆಯ ಒಂದು ಪಾಲು ಸೇರಿಕೊಂಡಿದೆ. ಅಷ್ಟೇ ಅಕ್ಕಿಯಲ್ಲಿ ನೂರರಲ್ಲೊಂದು ಪಾಲು. ಹೀಗಿದ್ದರೂ ಎಷ್ಟೋ ಮಕ್ಕಳು ಗೆಳೆಯರೆದುರು ರಾಗಿರೊಟ್ಟಿಯ ಡಬ್ಬಿಯನ್ನು ತೆರೆಯಲು ನಾಚುತ್ತಾರೆ. ಮುಚ್ಚಳವನ್ನು ಅರ್ಧ ಮುಚ್ಚಿಕೊಂಡು ತಿನ್ನುವುದನ್ನೂ ನಾವು ಕಂಡಿದ್ದೇವೆ. ಅನ್ನ ಉಳ್ಳವರ ಊಟ, ರಾಗಿ ಬಡವರದು ಎಂಬ ಹಳೆಯ ಎಣಿಕೆ ಇನ್ನೂ ಅಳಿದಿಲ್ಲ. ಇದನ್ನು ರಸಾಯನಶಾಸ್ತ್ರ ಸರಿಪಡಿಸಲಾರದು. ಆದರೂ ಗಾಳಿ ಸ್ವಲ್ಪ ತಿರುಗಿದೆ: ವಿಶ್ವಸಂಸ್ಥೆ 2023ನ್ನು ಕಿರುಧಾನ್ಯಗಳ ವರ್ಷವೆಂದು ಆಚರಿಸಿತು; 2024ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟು ಕೊಡುವ ಕೆಲಸ ಪ್ರಾರಂಭವಾಯಿತು. ಅರಳಿಸಿದ ರಾಗಿಯ ಹುರಿಹಿಟ್ಟಿಗೆ ಬೆಲ್ಲ, ಕೊಬ್ಬರಿ ತುರಿ, ಹುರಿದ ಕಡಲೆಕಾಯಿ ಬೀಜ ಬೆರೆಸಿ ಕಟ್ಟಿದ ಉಂಡೆಯನ್ನು ಕಂಡು ನಾಚಿದ ಮಗುವನ್ನು ಮಾತ್ರ ನಾವು ಇದುವರೆಗೆ ಕಂಡಿಲ್ಲ. ಒಣಪದಾರ್ಥವಾದ್ದರಿಂದ ಅದು ಕೆಡುವುದೂ ಇಲ್ಲ.

ರಕ್ತಹೀನತೆಯ ಮಾತಿಗೆ ಮರಳೋಣ. ರಾಗಿ, ಹುರುಳಿ, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಸಸ್ಯಗಳ ಕಬ್ಬಿಣದಲ್ಲಿ ಸ್ವಲ್ಪ ಪಾಲು ಮಾತ್ರ ನಮ್ಮ ಕರುಳಿಗೆ ದಕ್ಕುತ್ತದೆ. ಕಾಳಿನ ಫೈಟಿಕ್ ಆಮ್ಲವು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಊಟದೊಡನೆ ಸಿ ಜೀವಸತ್ವ ಸೇರಿದರೆ ಕಬ್ಬಿಣವು ಹೀರಿಕೊಳ್ಳಲು ತಕ್ಕ ರೂಪಕ್ಕೆ ತಿರುಗುತ್ತದೆ. ಮೊಳಕೆಹುರುಳಿಯ ಗುಗ್ಗರಿಯನ್ನು ಚೆನ್ನಾಗಿ ಬೇಯಿಸಿ, ಒಲೆಯಿಂದಿಳಿಸಿದ ಮೇಲೆ ನಿಂಬೆ ಹಿಂಡಬೇಕು. ಕುದಿಯುವಾಗ ಹಿಂಡಿದರೆ ಜೀವಸತ್ವದ ಬಹುಭಾಗ ಹಾಳು. ಒಂದು ಸೀಬೆಹಣ್ಣು ನಿಂಬೆಗಿಂತಲೂ ಮೇಲು. ಅದರ ನೂರು ಗ್ರಾಂನಲ್ಲಿ 200 ಮಿಲಿಗ್ರಾಂನಷ್ಟು ಸಿ ಜೀವಸತ್ವವಿದೆ. ಊಟವಾದೊಡನೆ ನಿಲ್ದಾಣದ ಬಳಿ ಟೀ ಕುಡಿಯುವ ಕಾಲೇಜು ಮಿತ್ರರಿಗೆ ಒಂದು ಮಾತು: ಟೀಯ ಟ್ಯಾನಿನ್ನುಗಳು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತವೆ. ಟೀ ಬಿಡಿರೆಂದು ನಾವು ಹೇಳುವುದಿಲ್ಲ, ಹೇಳಿದರೂ ಕೇಳುವವರಾರು? ಒಂದು ಗಂಟೆ ತಡೆದು ಕುಡಿದರೆ ಸಾಕು.

ನಮ್ಮ ಮಾತನ್ನು ನಂಬದವರು ಸ್ವತಃ ಪ್ರಯೋಗ ಮಾಡಿ ನೋಡಬಹುದು. ಮೂರು ಸಣ್ಣ ಬಟ್ಟಲುಗಳಲ್ಲಿ ಹಸಿಕಾಯಿ ಚಟ್ನಿ, ಹುಣಿಸೆ ಹೆಚ್ಚಾಗಿ ಹಾಕಿದ ಅದೇ ಚಟ್ನಿ, ಕೊಬ್ಬರಿಯ ಚಟ್ನಿಪುಡಿ ಇವನ್ನು ಇಟ್ಟು ಮುಚ್ಚಿ, ಬೆಳಗ್ಗೆ ಏಳರಿಂದ ಎರಡು ಗಂಟೆಗೊಮ್ಮೆ ಬಣ್ಣ, ನೊರೆ, ವಾಸನೆಗಳನ್ನು ಬರೆದಿಡಬೇಕು. ಮೊದಲನೆಯದಕ್ಕೆ ನೀಲಿ ಲಿಟ್ಮಸ್ ಕಾಗದವನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತಾಗಿಸಿ ನೋಡಬೇಕು. ಹುಣಿಸೆಯ ಬಟ್ಟಲಿನಲ್ಲಿ ಕಾಗದ ಬೆಳಗ್ಗೆಯೇ ಕೆಂಪಾಗುವುದರಿಂದ ಅಲ್ಲಿ ಈ ಪರೀಕ್ಷೆ ನಡೆಯದು. ನಾಲಗೆಯಿಂದ ಮಾತ್ರ ಯಾವುದನ್ನೂ ಪರೀಕ್ಷಿಸಬಾರದು. ಬೇಸಗೆಯಲ್ಲಿ ಒಮ್ಮೆ, ಧನುರ್ಮಾಸದ ಚಳಿಯಲ್ಲಿ ಒಮ್ಮೆ ಮಾಡಿದರೆ ಎರಡು ಪಟ್ಟಿಗಳ ನಡುವಣ ಅಂತರವನ್ನೂ ಕಾಣಬಹುದು. ಡಬ್ಬಿಯ ಮುಚ್ಚಳದ ರಬ್ಬರಿನ ಸುತ್ತನ್ನು ಬಿಚ್ಚಿ ತೊಳೆದು ಬಹಳ ದಿನವಾಗಿದ್ದರೆ, ಅದರ ಸಂದಿಯ ವಾಸನೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿಕೊಳ್ಳಲಿ.