ಕಲ್ಲಿಲ್ಲದ ಗಣಿ

ಅಡಿಕೆ ಮಾರಿದ ಹಣವನ್ನು ಬಿಟ್‌ಕಾಯಿನ್‌ನಲ್ಲಿ ಹಾಕಬಹುದೇ ಎಂದು ಕೆಲವು ಸದಸ್ಯರು ನಮ್ಮನ್ನು ಕೇಳುತ್ತಿದ್ದಾರೆ. ಆ ನಾಣ್ಯ ಹುಟ್ಟಿಸುವ ಕೆಲಸಕ್ಕೂ ಗಣಿಗಾರಿಕೆ ಎಂದೇ ಹೆಸರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಗಣಿಗಳಿಂದ ಸಿಮೆಂಟು, ಹಾಸುಗಲ್ಲು ಬರುತ್ತವೆ. ಇಲ್ಲಿ ಅಗೆಯುವುದಕ್ಕೆ ಏನೂ ಇಲ್ಲ. ಲೋಕದ ನಾನಾ ಕಡೆ ಯಂತ್ರಗಳು ಒಂದು ಲೆಕ್ಕದ ಉತ್ತರಕ್ಕಾಗಿ ಹಗಲಿರುಳು ವಿದ್ಯುತ್ ಉರಿಸುತ್ತವೆ. ಸುಮಾರು 10 ನಿಮಿಷಕ್ಕೊಮ್ಮೆ ಗೆದ್ದವನಿಗೆ ನಾಣ್ಯ, ಉಳಿದವರಿಗೆ ಕರೆಂಟು ಬಿಲ್ಲು. ಈ ದುಂದೇ ಅದರ ಕಾವಲು ಎಂಬುದೂ ನಿಜ: ಲೆಕ್ಕದ ಪುಸ್ತಕ ತಿದ್ದಬೇಕೆಂದವನು ಉಳಿದೆಲ್ಲರಿಗಿಂತ ಹೆಚ್ಚು ವಿದ್ಯುತ್ ಸುಡಬೇಕು. ಎಥೀರಿಯಂ ಎಂಬ ಇನ್ನೊಂದು ನಾಣ್ಯದವರು 2022ರ ಸೆಪ್ಟೆಂಬರಿನಲ್ಲಿ ಈ ಪದ್ಧತಿ ಬಿಟ್ಟು ಶೇ. 99ಕ್ಕೂ ಹೆಚ್ಚು ವಿದ್ಯುತ್ ಉಳಿಸಿದರು. ಬಿಟ್‌ಕಾಯಿನ್‌ನವರು ಬಿಟ್ಟಿಲ್ಲ.

ಪುಸ್ತಕ ಭದ್ರವಾದರೂ ಕೀಲಿಕೈ ಹಾಗಲ್ಲ. ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 2024ರ ಜುಲೈನಲ್ಲಿ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯ ಕಳುವಾಯಿತು. ಗ್ರಾಹಕರ ನಾಣ್ಯಗಳು ವರ್ಷಕ್ಕೂ ಮೀರಿ ಸಿಕ್ಕಿಬಿದ್ದವು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯುಂಟು, ಇದಕ್ಕಿಲ್ಲ. ಕೊಯ್ಲಿನ ಹಣಕ್ಕೆ ಇದು ತಕ್ಕ ಜಾಗವಲ್ಲವೆಂದೇ ನಮ್ಮ ಅಭಿಪ್ರಾಯ. ಲಾಭ ಬಂದರೂ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆಯಿದೆ, ಕೃಷಿ ಆದಾಯದ ವಿನಾಯಿತಿ ಅದಕ್ಕೆ ಅನ್ವಯಿಸದು.